ಕಾಸಿಗೂ ಕೈಗೂ ನಡುವೆ

ಕೈಮಗ್ಗದ ಉದ್ಯಮ ಕುಸಿದು ಕರಾವಳಿಯ ನೇಕಾರರು ದಿಕ್ಕುಗೆಟ್ಟಿದ್ದ ಕಾಲದಲ್ಲಿ, ಅಂದರೆ 1925ರಲ್ಲಿ, ಡಾ. ಟಿ. ಎಂ. ಎ. ಪೈ, ಉಪೇಂದ್ರ ಅನಂತ ಪೈ ಮತ್ತು ವಾಮನ ಕುಡ್ವ ಎಂಬ ಮೂವರು ಸೇರಿ, ಕೇವಲ 8,000 ರೂಪಾಯಿಗಳ ಬಂಡವಾಳದೊಡನೆ, ‘ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್’ ಎಂಬ ಸಂಸ್ಥೆಯನ್ನು ಉಡುಪಿಯಲ್ಲಿ ತೆರೆದರು. ಮೂರು ವರ್ಷಗಳ ತರುವಾಯ, 1928ರಲ್ಲಿ, ಆ ಸಂಸ್ಥೆಯು ದೊಡ್ಡ ಬ್ಯಾಂಕುಗಳು ಗಣನೆಗೇ ತಂದುಕೊಳ್ಳದಂಥ ಒಂದು ಮೊತ್ತವನ್ನು, ಎಂದರೆ ದಿನಕ್ಕೆ ಎರಡಾಣೆಯನ್ನು, ಠೇವಣಿಯಾಗಿ ಸ್ವೀಕರಿಸಲು ಮುಂದಾಯಿತು. ಠೇವಣಿದಾರನು ಬ್ಯಾಂಕಿನ ಮೆಟ್ಟಿಲನ್ನು ಹತ್ತಬೇಕಾಗಿರಲಿಲ್ಲ. ಸಂಸ್ಥೆಯ ಪ್ರತಿನಿಧಿಯೇ ಮನೆಬಾಗಿಲಿಗೆ ಬಂದು ಆ ಎರಡಾಣೆಯನ್ನು ಪಡೆದು, ಗುರುತು ಹಾಕಿಕೊಟ್ಟು ಹೋಗುತ್ತಿದ್ದನು. ‘ಪಿಗ್ಮಿ’ ಎಂದು ಹೆಸರಾದ ಈ ವ್ಯವಸ್ಥೆಯನ್ನು ಹುಟ್ಟುಹಾಕಿದ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕಾಗಿ ಬೆಳೆದು, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನಗೊಂಡು ತನ್ನ ಹೆಸರನ್ನು ಕಳೆದುಕೊಂಡಿತಾದರೂ, ಪಿಗ್ಮಿ ಎಂಬ ಮಾತು ಮಾತ್ರ ಕರ್ನಾಟಕದ ಪೇಟೆಬೀದಿಗಳಲ್ಲಿ ಇಂದಿಗೂ ಮನೆಮಾತಾಗಿ ಉಳಿದಿದೆ.

ಯಾವುದೇ ಸಣ್ಣ ಊರಿನ ಸಂತೆಕಟ್ಟೆಯಲ್ಲಿ ಸಂಜೆಯ ಹೊತ್ತು ನಿಂತು ನೋಡಿದರೆ ಅದರ ಕಾರ್ಯವಿಧಾನವು ಕಣ್ಣಿಗೆ ಕಟ್ಟುತ್ತದೆ. ಸೊಪ್ಪು ಮಾರುವ ಹೆಂಗಸು ಮರುದಿನ ಮಂಡಿಯಲ್ಲಿ ಸರಕು ಎತ್ತಲು ಬೇಕಾದ ಹಣವನ್ನು ಸೊಂಟದ ಚೀಲದಲ್ಲಿ ಭದ್ರಪಡಿಸಿ, ಮನೆಖರ್ಚಿನದನ್ನು ಸೆರಗಿನ ತುದಿಗೆ ಕಟ್ಟಿ, ಪಿಗ್ಮಿಯವನಿಗೆಂದು ಬೇರೆಯಾಗಿ ಮಡಿಚಿದ ಐವತ್ತರ ನೋಟೊಂದನ್ನು ಗೋಣಿಯ ಅಂಚಿನ ಕೆಳಗೆ ಇಟ್ಟುಕೊಂಡಿರುತ್ತಾಳೆ. ಆತನು ಬರುತ್ತಾನೆ, ಕೈಯೊಳಗಿನ ಪುಟ್ಟ ಯಂತ್ರದಲ್ಲಿ ಅಂಕಿಯನ್ನು ಒತ್ತುತ್ತಾನೆ, ಬೆರಳಗಲದ ರಸೀತಿಯನ್ನು ಹರಿದುಕೊಡುತ್ತಾನೆ. ಆಕೆಯು ಅದನ್ನು ಹಿಂದಿನ ದಿನಗಳ ರಸೀತಿಗಳಿರುವ ತಗಡಿನ ಡಬ್ಬಿಗೆ ಸೇರಿಸುತ್ತಾಳೆ. ದಿನಕ್ಕೆ ಐವತ್ತು ರೂಪಾಯಿಯೆಂದರೆ ವರ್ಷಕ್ಕೆ 18,250 ರೂಪಾಯಿ. ಒಂದು ಮಗುವಿನ ಶಾಲೆಯ ಖರ್ಚಿಗೋ, ಸೋರುವ ಮಾಡಿನ ರಿಪೇರಿಗೋ, ಆಕಸ್ಮಿಕವಾಗಿ ಬಂದ ಜ್ವರಕ್ಕೋ ಒದಗಬಲ್ಲ ಮೊತ್ತ.

ಆ ವ್ಯವಸ್ಥೆ ಕೊಡುವ ಬಡ್ಡಿ ಅತ್ಯಲ್ಪ. ಹಾಗಿದ್ದೂ ಅದು ಸುಮಾರು ಒಂದು ಶತಮಾನದಿಂದ ಬಾಳಿಬಂದಿರುವುದಕ್ಕೆ ಕಾರಣವನ್ನು ಬಡ್ಡಿಯ ದರದಲ್ಲಿ ಹುಡುಕಿ ಪ್ರಯೋಜನವಿಲ್ಲ. ಒಮ್ಮೆ ಕೊಟ್ಟ ಹಣವನ್ನು ಅದೇ ಸಂಜೆ ಹಿಂದಕ್ಕೆ ಕೇಳುವಂತಿಲ್ಲ; ಹಿಂದಕ್ಕೆ ಪಡೆಯಬೇಕಾದರೆ ಕಚೇರಿಗೆ ಹೋಗಬೇಕು, ಸಹಿ ಹಾಕಬೇಕು, ಕಾರಣವನ್ನು ಯೋಚಿಸಬೇಕು. ಕಾಸಿಗೂ ಕೈಗೂ ನಡುವೆ ಹೀಗೆ ಒಂದು ಅಂತರವು ಏರ್ಪಟ್ಟು, ಆ ಅಂತರದಲ್ಲಿ ಆಸೆಯು ತಣ್ಣಗಾಗಿ, ಅಗತ್ಯವಾವುದು ಚಪಲವಾವುದು ಎಂಬ ವಿವೇಚನೆಗೆ ಅವಕಾಶ ದೊರೆಯುತ್ತದೆ. ಹಣಕಾಸಿನ ವಿಚಾರದಲ್ಲಿ ಸಾಮಾನ್ಯ ಗೃಹಸ್ಥನನ್ನು ಕಾಪಾಡುವ ಶಕ್ತಿಗಳಲ್ಲಿ ಈ ವಿಳಂಬಕ್ಕಿಂತ ದೊಡ್ಡದು ಇನ್ನೊಂದಿಲ್ಲವೆಂಬುದೂ, ನಮ್ಮ ಕಾಲದ ಯಂತ್ರಗಳು ಕಳಚಿಹಾಕಿರುವ ಈ ವಿಳಂಬವನ್ನು ನಾವೇ ಬುದ್ಧಿಪೂರ್ವಕವಾಗಿ ಮರಳಿ ಸ್ಥಾಪಿಸಿಕೊಳ್ಳಬೇಕೆಂಬುದೂ ಈ ಲೇಖನದ ಪ್ರತಿಪಾದನೆ.

ಯಂತ್ರದ ಉಪಕಾರ

ಹಾಗೆಂದು ನೂತನ ಸಾಧನಗಳನ್ನು ಹಳಿಯುವುದು ಅನ್ಯಾಯವಾದೀತು. ಭಾರತೀಯ ರಾಷ್ಟ್ರೀಯ ಪಾವತಿ ನಿಗಮವು 2016ರ ಏಪ್ರಿಲ್‌ನಲ್ಲಿ ಬಳಕೆಗೆ ತಂದ ಯುಪಿಐ ಎಂಬ ಪಾವತಿ ವ್ಯವಸ್ಥೆಯು, 2023ರ ಆಗಸ್ಟ್ ಹೊತ್ತಿಗೆ ಒಂದೇ ತಿಂಗಳಿನಲ್ಲಿ ಸಾವಿರ ಕೋಟಿಗೂ ಮಿಕ್ಕಿದ ವ್ಯವಹಾರಗಳನ್ನು ನಡೆಸಿಕೊಡುವಷ್ಟು ವಿಸ್ತಾರಗೊಂಡಿತೆಂದರೆ, ಅದು ಜನರ ನಿಜವಾದ ಕಷ್ಟವೊಂದನ್ನು ನೀಗಿಸಿತೆಂದೇ ಅರ್ಥ. ರಾಯಚೂರಿನಿಂದಲೋ ಕಲಬುರಗಿಯಿಂದಲೋ ಬೆಂಗಳೂರಿಗೆ ಗಾರೆಕೆಲಸಕ್ಕೆ ಬಂದವನು ಒಂದು ಕಾಲದಲ್ಲಿ ಊರಿಗೆ ಹಣ ಕಳಿಸಬೇಕಾದರೆ ಅರ್ಧ ದಿನದ ಕೂಲಿಯನ್ನು ಬಿಟ್ಟು ಅಂಚೆಕಚೇರಿಯ ಸಾಲಿನಲ್ಲಿ ನಿಂತು ಮನಿಯಾರ್ಡರ್ ಮಾಡಬೇಕಾಗಿತ್ತು, ಇಲ್ಲವೇ ಊರಿಗೆ ಹೊರಟ ಪರಿಚಯಸ್ಥನ ಕೈಯಲ್ಲಿ ಕೊಟ್ಟು ಅವನ ಪ್ರಾಮಾಣಿಕತೆಯನ್ನು ನೆಚ್ಚಬೇಕಾಗಿತ್ತು. ಈಗ ಕೆಲಸದ ಬಿಡುವಿನಲ್ಲಿ ನಿಂತಲ್ಲಿಯೇ ಹಣವು ತಾಯಿಯ ಖಾತೆಗೆ ಸಲ್ಲುತ್ತದೆ. ಚಿಲ್ಲರೆಗಾಗಿ ನಡೆಯುತ್ತಿದ್ದ ಜಗಳಗಳು ನಿಂತಿವೆ. ಹೂವಾಡಗಿತ್ತಿಯ ನಿತ್ಯದ ಗಳಿಕೆಗೆ ಒಂದು ಲಿಖಿತ ದಾಖಲೆ ಹುಟ್ಟಿದೆ.

ಆದರೆ ಇದೇ ಸೌಕರ್ಯದ ಇನ್ನೊಂದು ಮುಖವನ್ನೂ ನೋಡಬೇಕು. ನೋಟುಗಳನ್ನು ಎಣಿಸಿ ಕೊಡುವಾಗ ಕೈಯಲ್ಲಿ ಉಳಿದದ್ದೆಷ್ಟು ಎಂಬುದು ಕಣ್ಣಿಗೆ ಕಾಣುತ್ತಿತ್ತು. ತಿಂಗಳ ಇಪ್ಪತ್ತರ ಹೊತ್ತಿಗೆ ತೆಳ್ಳಗಾದ ಜೇಬೇ ಮನುಷ್ಯನಿಗೆ ಎಚ್ಚರಿಕೆಯನ್ನು ಹೇಳುತ್ತಿತ್ತು. ಇಂದು ಅಂಗಡಿಯ ಗಲ್ಲಾಪೆಟ್ಟಿಗೆಯ ಬದಿಗಿರುವ ಪುಟ್ಟ ಪೆಟ್ಟಿಗೆಯು ಹಣ ಬಂದಿತೆಂದು ಅಂಗಡಿಯವನಿಗೆ ಗಟ್ಟಿಯಾಗಿ ಸಾರುತ್ತದೆಯೇ ಹೊರತು, ಹಣ ಹೋಯಿತೆಂದು ಕೊಟ್ಟವನಿಗೆ ಅಷ್ಟು ಸ್ಪಷ್ಟವಾಗಿ ಹೇಳುವ ದನಿ ಯಾವುದೂ ಇಲ್ಲ. ಸಣ್ಣ ಮೊತ್ತಗಳಿಗೆ ಪಿನ್ ಒತ್ತುವ ಶ್ರಮವೂ ಬೇಡವೆಂಬ ಏರ್ಪಾಡುಗಳು ಬಂದಿವೆ. ಇಪ್ಪತ್ತು, ನಲವತ್ತು, ಅರವತ್ತು ರೂಪಾಯಿಗಳು ಹಗಲೆಲ್ಲ ಹೀಗೆ ಸದ್ದಿಲ್ಲದೆ ಹರಿದುಹೋದರೆ, ತಿಂಗಳ ಕೊನೆಯಲ್ಲಿ ಖಾತೆಯನ್ನು ತೆರೆದು ನೋಡುವ ಗೃಹಸ್ಥನಿಗೆ ‘ಇಷ್ಟೊಂದು ಹಣ ಎಲ್ಲಿ ಹೋಯಿತು’ ಎಂಬ ದಿಗ್ಭ್ರಮೆಯೊಂದೇ ಉಳಿಯುತ್ತದೆ.

ಇದಕ್ಕೆ ಪರಿಹಾರವು ಕಷ್ಟಸಾಧ್ಯವಾದುದೇನೂ ಅಲ್ಲ. ಸಂಬಳವಾಗಲಿ ವ್ಯಾಪಾರದ ಲಾಭವಾಗಲಿ ಬಂದು ಬೀಳುವ ಖಾತೆಯನ್ನು ಫೋನಿನ ಪಾವತಿಗೆ ಜೋಡಿಸದೆ, ದಿನಬಳಕೆಗೆಂದು ಎರಡನೆಯ ಖಾತೆಯೊಂದನ್ನು ತೆರೆದು, ವಾರಕ್ಕೊಮ್ಮೆ ಗೊತ್ತಾದ ಮೊತ್ತವನ್ನು ಮಾತ್ರ ಅದಕ್ಕೆ ವರ್ಗಾಯಿಸಿಕೊಂಡರೆ, ತೆಳ್ಳಗಾಗುವ ಜೇಬಿನ ಹಳೆಯ ಎಚ್ಚರಿಕೆಯು ಹೊಸ ರೂಪದಲ್ಲಿ ಮರಳಿ ಬರುತ್ತದೆ. ವಂಚಕನ ಕೈಗೆ ಖಾತೆ ಸಿಕ್ಕಿದರೂ ಆಗ ಹೋಗುವುದು ಆ ವಾರದ ಹಣ ಮಾತ್ರ.

ಬಡ್ಡಿಯ ಭಾಷೆ

ಆಸೆಯು ಗಳಿಕೆಯನ್ನು ಮೀರಿದಾಗ ಸಾಲವು ಬರುತ್ತದೆ. ಗಳಿಕೆಯು ಅಗತ್ಯಕ್ಕೇ ಸಾಲದಾದಾಗಲೂ ಬರುತ್ತದೆ. ಎರಡನೆಯ ಬಗೆಯ ಸಾಲಗಾರನನ್ನು ಮೊದಲನೆಯವನೊಡನೆ ಸೇರಿಸಿ ದುಂದುಗಾರನೆಂದು ದೂಷಿಸುವುದು ನಮ್ಮ ಸಮಾಜದ ಕ್ರೌರ್ಯಗಳಲ್ಲೊಂದು. ಆದರೆ ಇಬ್ಬರಿಗೂ ಸಮಾನವಾಗಿ ಅವಶ್ಯಕವಾದದ್ದು ಬಡ್ಡಿಯ ಲೆಕ್ಕವನ್ನು ಬಿಡಿಸಿ ಓದಬಲ್ಲ ಶಕ್ತಿ.

ನಮ್ಮ ಹಳ್ಳಿಗಳಲ್ಲಿ ‘ಮೂರು ರೂಪಾಯಿ ಬಡ್ಡಿ’ ಎಂದರೆ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಎಂದರ್ಥ; ವರ್ಷದ ಲೆಕ್ಕಕ್ಕೆ ಅದು ಶೇಕಡಾ 36. ಮಗಳ ಮದುವೆಗೆಂದು ಈ ದರದಲ್ಲಿ ಐವತ್ತು ಸಾವಿರವನ್ನು ತಂದವನು ತಿಂಗಳು ತಿಂಗಳೂ 1,500 ರೂಪಾಯಿಗಳನ್ನು ತಪ್ಪದೆ ಕಟ್ಟುತ್ತ ಬಂದರೂ, ಮೂರು ವರ್ಷ ತುಂಬುವ ಮೊದಲೇ ಅಸಲಿಗಿಂತ ಹೆಚ್ಚಿನ ಮೊತ್ತವನ್ನು ಬಡ್ಡಿಯ ರೂಪದಲ್ಲಿ ತೆತ್ತಿರುತ್ತಾನೆ, ಮತ್ತು ಆ ದಿನವೂ ಅವನ ತಲೆಯ ಮೇಲಿನ ಸಾಲವು ಐವತ್ತು ಸಾವಿರವಾಗಿಯೇ ಇರುತ್ತದೆ. ತಳ್ಳುಗಾಡಿಯವರು ಬೆಳಿಗ್ಗೆ 900 ರೂಪಾಯಿಗಳನ್ನು ಪಡೆದು ಸಂಜೆಗೆ 1,000 ರೂಪಾಯಿಗಳನ್ನು ಹಿಂದಿರುಗಿಸುವ ಪದ್ಧತಿಯಲ್ಲಂತೂ ಒಂದೇ ಹಗಲಿಗೆ ಶೇಕಡಾ 11ಕ್ಕೂ ಮಿಕ್ಕ ಬಡ್ಡಿ ಬೀಳುತ್ತದೆ. ಈ ಬೇಗೆಯನ್ನು ಕಂಡೇ ಕರ್ನಾಟಕ ಸರ್ಕಾರವು 2018ರಲ್ಲಿ ಬಡವರ ಬಂಧು ಎಂಬ ಬಡ್ಡಿರಹಿತ ಸಾಲದ ಯೋಜನೆಯನ್ನೂ, ಕೇಂದ್ರ ಸರ್ಕಾರವು 2020ರಲ್ಲಿ ಪಿಎಂ ಸ್ವನಿಧಿ ಯೋಜನೆಯನ್ನೂ ಬೀದಿಬದಿಯ ವ್ಯಾಪಾರಿಗಳಿಗಾಗಿ ಆರಂಭಿಸಿದವು.

ನಗರದ ವಿದ್ಯಾವಂತರು ಹಳ್ಳಿಯ ಬಡ್ಡಿ ವ್ಯವಹಾರವನ್ನು ಕೇಳಿ ಮರುಗುವುದುಂಟು; ಆದರೆ ಅವರ ಕೈಯಲ್ಲಿರುವ ಕ್ರೆಡಿಟ್ ಕಾರ್ಡಿನ ಬಾಕಿಗೆ ತಿಂಗಳಿಗೆ ಶೇಕಡಾ ಮೂರೂವರೆಯ ಬಡ್ಡಿ ಬೀಳುತ್ತಿದ್ದರೆ, ಅದು ಆ ಹಳ್ಳಿಯ ಸಾಹುಕಾರನ ದರಕ್ಕಿಂತಲೂ ಹೆಚ್ಚಿನದು. ಅದು ಚಕ್ರಬಡ್ಡಿಯಾಗಿ ಬೆಳೆದಾಗ ವರ್ಷವೊಂದಕ್ಕೆ ನೂರು ರೂಪಾಯಿಯ ಬಾಕಿಯು ನೂರಾ ಐವತ್ತೊಂದಾಗುತ್ತದೆ. ಬಿಲ್ಲಿನ ಮೂಲೆಯಲ್ಲಿ ಅಚ್ಚಾಗಿರುವ ‘ಕನಿಷ್ಠ ಪಾವತಿ’ ಎಂಬ ಸಣ್ಣ ಮೊತ್ತವನ್ನು ಕಟ್ಟಿ ನಿಶ್ಚಿಂತನಾದವನು ದಂಡದಿಂದ ತಪ್ಪಿಸಿಕೊಳ್ಳುತ್ತಾನೆಯೇ ವಿನಾ, ಬಡ್ಡಿಯಿಂದಲ್ಲ.

ಇನ್ನೊಂದು ಮರೆಯೂ ಉಂಟು. ಒಂದು ಲಕ್ಷ ರೂಪಾಯಿಯ ಸಾಲವನ್ನು ‘ಶೇಕಡಾ 12ರ ಫ್ಲಾಟ್ ದರ’ದಲ್ಲಿ ಒಂದು ವರ್ಷಕ್ಕೆ ಕೊಡುತ್ತೇವೆಂದು ಒಬ್ಬನು ಹೇಳಿದನೆನ್ನಿ. ಹನ್ನೆರಡು ಸಾವಿರ ಬಡ್ಡಿಯನ್ನು ಅಸಲಿಗೆ ಕೂಡಿಸಿ ಹನ್ನೆರಡರಿಂದ ಭಾಗಿಸಿದರೆ ತಿಂಗಳ ಕಂತು 9,333 ರೂಪಾಯಿಯಾಗುತ್ತದೆ. ಆದರೆ ಸಾಲಗಾರನು ತಿಂಗಳು ತಿಂಗಳೂ ಅಸಲನ್ನು ತೀರಿಸುತ್ತ ಬರುವುದರಿಂದ, ಆರನೆಯ ತಿಂಗಳ ಹೊತ್ತಿಗೆ ಅವನ ಬಳಿ ಉಳಿದಿರುವ ಸಾಲ ಸುಮಾರು ಅರ್ಧ ಲಕ್ಷ ಮಾತ್ರ. ಬಡ್ಡಿಯನ್ನಾದರೋ ಅವನು ಪೂರ್ಣ ಲಕ್ಷಕ್ಕೆ ಕಟ್ಟುತ್ತಿರುತ್ತಾನೆ. ಉಳಿದ ಬಾಕಿಯ ಮೇಲೆ ಲೆಕ್ಕಹಾಕಿದಲ್ಲಿ ನಿಜವಾದ ದರವು ಶೇಕಡಾ 21ನ್ನು ದಾಟುತ್ತದೆ. ಈ ಅಂತರವನ್ನು ಜನರಿಗೆ ತಿಳಿಸಬೇಕೆಂಬ ಉದ್ದೇಶದಿಂದಲೇ ರಿಸರ್ವ್ ಬ್ಯಾಂಕು, ಸಾಲ ಕೊಡುವ ಬ್ಯಾಂಕುಗಳೂ ಹಣಕಾಸು ಸಂಸ್ಥೆಗಳೂ ಎಲ್ಲ ಶುಲ್ಕಗಳನ್ನೂ ಒಳಗೊಂಡ ವಾರ್ಷಿಕ ದರವನ್ನು ಮುಖ್ಯಾಂಶಗಳ ಪತ್ರವೊಂದರಲ್ಲಿ ಬರೆದು ಸಾಲಗಾರನ ಕೈಗೆ ಕೊಡಬೇಕೆಂಬ ನಿಯಮವನ್ನು 2024ರ ಅಕ್ಟೋಬರ್‌ನಿಂದ ವೈಯಕ್ತಿಕ ಸಾಲಗಳಿಗೆಲ್ಲ ವಿಸ್ತರಿಸಿದೆ. ಸಹಿ ಹಾಕುವ ಮೊದಲು ಆ ಒಂದು ಪತ್ರವನ್ನು ಕೇಳಿ ಪಡೆದು, ಮನೆಗೆ ಕೊಂಡೊಯ್ದು, ಲೆಕ್ಕ ಬಲ್ಲ ಇನ್ನೊಬ್ಬರೊಡನೆ ಕುಳಿತು ಓದುವುದು ಪ್ರತಿಯೊಬ್ಬ ಸಾಲಗಾರನ ಹಕ್ಕೂ ಹೌದು, ಕರ್ತವ್ಯವೂ ಹೌದು.

ಫೋನಿನಲ್ಲಿ ಐದು ನಿಮಿಷಕ್ಕೆ ದೊರೆಯುವ ಸಾಲದ ಅಪಾಯವು ಆ ಐದು ನಿಮಿಷದಲ್ಲಿಯೇ ಇದೆ. ಹಿಂದೆ ಸಾಲ ಬೇಕಾದವನು ಸಾಹುಕಾರನ ಜಗಲಿಯಲ್ಲಿ ಕಾದು ಕುಳಿತುಕೊಳ್ಳುತ್ತಿದ್ದನು, ಜಾಮೀನಿಗೆ ನೆಂಟನನ್ನು ಒಪ್ಪಿಸುತ್ತಿದ್ದನು, ಹೆಂಡತಿಯ ಸರವನ್ನು ಅಡವಿಡುವ ಮುನ್ನ ಅವಳ ಮುಖವನ್ನು ನೋಡುತ್ತಿದ್ದನು. ಅವಮಾನವೂ ಸಂಕಟವೂ ಬೆರೆತಿದ್ದ ಆ ಪದ್ಧತಿಯನ್ನು ಯಾರೂ ಮರಳಿ ಬಯಸಬೇಕಾಗಿಲ್ಲ. ಆದರೂ ಸಾಲವನ್ನು ಕುರಿತು ಆಲೋಚಿಸಲು ಅದರಲ್ಲಿ ಸಮಯವಿತ್ತು, ಬೇಡವೆಂದು ಹೇಳಬಲ್ಲ ಇನ್ನೊಬ್ಬ ಮನುಷ್ಯನಿದ್ದನು. ಡಿಜಿಟಲ್ ಸಾಲಗಳನ್ನು ಕುರಿತು ರಿಸರ್ವ್ ಬ್ಯಾಂಕು 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಈ ಸತ್ಯವನ್ನು ತನ್ನದೇ ರೀತಿಯಲ್ಲಿ ಮನ್ನಿಸಿ, ಸಾಲ ಪಡೆದವನಿಗೆ ಮನಸ್ಸನ್ನು ಬದಲಿಸುವ ಅವಧಿಯೊಂದನ್ನು ಕಲ್ಪಿಸಿದೆ: ಆ ಅವಧಿಯೊಳಗಾಗಿ ಅಸಲನ್ನೂ ಅಷ್ಟು ದಿನದ ಬಡ್ಡಿ ವೆಚ್ಚವನ್ನೂ ಕೊಟ್ಟುಬಿಟ್ಟರೆ ದಂಡವಿಲ್ಲದೆ ಸಾಲದಿಂದ ಹೊರಬರಬಹುದು. ಜೀವವಿಮೆಯ ಪಾಲಿಸಿಯನ್ನೂ ಅದು ಕೈಸೇರಿದ 30 ದಿನಗಳೊಳಗೆ ಓದಿನೋಡಿ, ಒಪ್ಪಿಗೆಯಾಗದಿದ್ದರೆ ಹಿಂದಿರುಗಿಸಬಹುದು.

ಅವಸರವೆಂಬ ಆಯುಧ

ಸಾಲದಲ್ಲಿ ಅವಸರವು ನಷ್ಟವನ್ನು ತಂದರೆ, ವಂಚನೆಯಲ್ಲಿ ಅವಸರವೇ ವಂಚಕನ ಏಕಮಾತ್ರ ಆಯುಧ. ಇಂದು ಜನರನ್ನು ಸುಲಿಯುತ್ತಿರುವ ಮೋಸಗಳ ವೇಷಗಳು ಅನೇಕವಾದರೂ ಅವುಗಳ ಮಾತಿನ ಧಾಟಿ ಒಂದೇ. ಈ ರಾತ್ರಿಯೇ ವಿದ್ಯುತ್ ಸಂಪರ್ಕ ಕಡಿತವಾಗುತ್ತದೆ, ಈಗಲೇ ಈ ನಂಬರಿಗೆ ಕರೆಮಾಡಿ. ಕೆವೈಸಿಯ ಅವಧಿ ಮುಗಿದಿದೆ, ಗಂಟೆಯೊಳಗೆ ಖಾತೆ ಸ್ಥಗಿತವಾಗುತ್ತದೆ. ನಿಮ್ಮ ಹೆಸರಿನ ಪಾರ್ಸೆಲ್ಲಿನಲ್ಲಿ ಮಾದಕವಸ್ತು ಸಿಕ್ಕಿದೆ, ಕ್ಯಾಮೆರಾದ ಮುಂದಿನಿಂದ ಏಳಬೇಡಿ, ಮನೆಯವರಿಗೂ ಹೇಳಬೇಡಿ. ಇವೆಲ್ಲವುಗಳಲ್ಲಿ ಎರಡು ಆಜ್ಞೆಗಳು ತಪ್ಪದೆ ಇರುತ್ತವೆ: ತಡಮಾಡಬೇಡ, ಯಾರೊಡನೆಯೂ ಮಾತಾಡಬೇಡ. ವಂಚಕನಿಗೆ ಚೆನ್ನಾಗಿ ಗೊತ್ತು, ಹತ್ತು ನಿಮಿಷದ ಮೌನವೊಂದು ಒದಗಿದರೆ, ಅಥವಾ ಪಕ್ಕದ ಕೋಣೆಯಿಂದ ಸೊಸೆಯೋ ಮೊಮ್ಮಗನೋ ಬಂದು ‘ಯಾರದು ಫೋನು?’ ಎಂದು ಕೇಳಿದರೆ, ತನ್ನ ಮಾಯಾಜಾಲವು ಅಲ್ಲಿಗೆ ಹರಿದುಬಿಡುತ್ತದೆಂದು.

ಜೀವಮಾನವೆಲ್ಲ ಮಕ್ಕಳಿಗೆ ಪಾಠ ಹೇಳಿ ನಿವೃತ್ತರಾದ ಉಪಾಧ್ಯಾಯರು, ವೈದ್ಯರು, ಎಂಜಿನಿಯರುಗಳು ಇಂಥ ಬಲೆಗೆ ಬಿದ್ದ ಸುದ್ದಿಯನ್ನು ಓದಿ, ‘ಇಷ್ಟು ಓದಿದವರು ಹೇಗೆ ಮೋಸಹೋದರು’ ಎಂದು ಅಚ್ಚರಿಪಡುವವರುಂಟು. ಭಯವು ಬುದ್ಧಿಯನ್ನು ಮುಚ್ಚುವಾಗ ಪದವಿಯನ್ನು ವಿಚಾರಿಸುವುದಿಲ್ಲ. ಕಾನೂನಿಗೆ ಹೆದರಿ, ಗೌರವಕ್ಕೆ ಅಂಜಿ ಬಾಳಿದ ಮರ್ಯಾದಸ್ಥರೇ ಪೊಲೀಸ್ ಸಮವಸ್ತ್ರದ ಚಿತ್ರವನ್ನು ಕಂಡು ಬೇಗ ನಡುಗುತ್ತಾರೆ. ಆದಕಾರಣ ಈ ಕೆಲವು ಸಂಗತಿಗಳನ್ನು ಪ್ರತಿಯೊಂದು ಮನೆಯಲ್ಲಿಯೂ ಸಾವಕಾಶವಾಗಿ, ಭಯವಿಲ್ಲದ ಹೊತ್ತಿನಲ್ಲಿ, ಹಿರಿಯರೊಡನೆ ಆಡಿಕೊಂಡಿರಬೇಕು. ‘ಡಿಜಿಟಲ್ ಅರೆಸ್ಟ್’ ಎಂಬುದು ನಮ್ಮ ದೇಶದ ಯಾವ ಕಾನೂನಿನಲ್ಲಿಯೂ ಇಲ್ಲ. ಹಣವನ್ನು ಕಳಿಸುವುದಕ್ಕೆ ಪಿನ್ ಬೇಕೇ ಹೊರತು ಪಡೆಯುವುದಕ್ಕೆ ಬೇಡ. ಒಟಿಪಿಯನ್ನು ಕೇಳುವ ಬ್ಯಾಂಕು ನೌಕರನು ಬ್ಯಾಂಕು ನೌಕರನೇ ಅಲ್ಲ. ನಿಜವಾದ ಅಧಿಕಾರಿಯಾಗಿದ್ದಲ್ಲಿ ನಾಳೆ ಹತ್ತು ಗಂಟೆಗೆ ಠಾಣೆಗೇ ಬಂದು ಕಾಣುತ್ತೇನೆಂದರೆ ಅವನು ಒಪ್ಪಿಯೇ ಒಪ್ಪುತ್ತಾನೆ.

ಇಷ್ಟು ಎಚ್ಚರಿಕೆಯಿದ್ದರೂ ಒಮ್ಮೆ ಹಣವು ಕೈಬಿಟ್ಟುಹೋಯಿತೆನ್ನೋಣ. ಆಗ ಮಾತ್ರ ವಿಳಂಬವು ಸಲ್ಲದು. ಕದ್ದ ಹಣವನ್ನು ವಂಚಕರು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ದಾಟಿಸಿ ಕೊನೆಗೆ ನಗದಾಗಿ ಎತ್ತಿಕೊಳ್ಳುವರಾದ್ದರಿಂದ, ಮೊದಲ ಗಂಟೆಯೊಳಗೆ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಕರೆಮಾಡಿ ದೂರು ದಾಖಲಿಸಿದರೆ ದಾರಿಯಲ್ಲಿಯೇ ಆ ಹಣವನ್ನು ತಡೆಹಿಡಿಯುವ ಸಾಧ್ಯತೆ ಇರುತ್ತದೆ. ಮರುದಿನದ ಹೊತ್ತಿಗೆ ಅದು ಕ್ಷೀಣಿಸುತ್ತದೆ. ಗ್ರಾಹಕನ ತಪ್ಪೂ ಇಲ್ಲದೆ, ಬ್ಯಾಂಕಿನ ಲೋಪವೂ ಇಲ್ಲದೆ, ಮೂರನೆಯವರಿಂದ ನಡೆದ ಅನಧಿಕೃತ ವ್ಯವಹಾರವನ್ನು ಬ್ಯಾಂಕಿಗೆ ಮೂರು ಕೆಲಸದ ದಿನಗಳೊಳಗೆ ತಿಳಿಸಿದಲ್ಲಿ ಗ್ರಾಹಕನಿಗೆ ಯಾವ ಹೊಣೆಯೂ ಬರುವುದಿಲ್ಲವೆಂದು ರಿಸರ್ವ್ ಬ್ಯಾಂಕು 2017ರಲ್ಲಿಯೇ ಗೊತ್ತುಪಡಿಸಿತು. ತೆರುವಾಗ ತಡ, ದೂರುವಾಗ ತ್ವರೆ ಎಂಬುದು ಈ ಕಾಲದ ಸೂತ್ರವಾಗಬೇಕು. ನಾಚಿಕೆಯಿಂದ ಎರಡು ದಿನ ಬಾಯಿಮುಚ್ಚಿ ಕುಳಿತವರೇ ಹೆಚ್ಚು ಕಳೆದುಕೊಂಡವರು. ಮನೆಯವರು ಬೈಯುತ್ತಾರೆಂಬ ಅಂಜಿಕೆಯೇ ಆ ಮೌನಕ್ಕೆ ಕಾರಣವಾಗುವುದರಿಂದ, ಮೋಸಹೋದವರನ್ನು ಹಂಗಿಸದಿರುವುದೂ ಕುಟುಂಬದ ಸಂಪತ್ತನ್ನು ರಕ್ಷಿಸುವ ಒಂದು ಉಪಾಯವೇ ಆಗಿದೆ.

ನಂಬಿಕೆಯ ಮೇರೆ

ಉಳಿಸಿದ ಹಣವನ್ನು ಎಲ್ಲಿ ಇಡಬೇಕೆಂಬುದು ಮುಂದಿನ ಪ್ರಶ್ನೆ. ಕರ್ನಾಟಕಕ್ಕೆ ಈ ವಿಷಯದಲ್ಲಿ ಹೆಮ್ಮೆಪಡತಕ್ಕ ಪರಂಪರೆಯಿದೆ. 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯು ಜಾರಿಗೆ ಬಂದ ಮರುವರ್ಷವೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಒಗ್ಗೂಡಿಸಿ ಸ್ಥಾಪಿಸಿದ ಕೃಷಿ ಪತ್ತಿನ ಸಹಕಾರ ಸಂಘವು ದೇಶದ ಸಹಕಾರ ಚಳವಳಿಯ ಇತಿಹಾಸದಲ್ಲಿ ಮೊದಲ ಸ್ಥಾನವನ್ನು ಪಡೆದಿದೆ. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಮಂಗಳೂರಿನಲ್ಲಿಯೂ, ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯಲ್ಲಿಯೂ ಮುಂದೆ ದೇಶವ್ಯಾಪಿಯಾಗಿ ಬೆಳೆದ ಬ್ಯಾಂಕುಗಳಿಗೆ ಅಡಿಗಲ್ಲಿಟ್ಟರು. ಪರಸ್ಪರ ಬಲ್ಲವರು ಪರಸ್ಪರರನ್ನು ನಂಬಿ ಕಟ್ಟಿದ ಸಂಸ್ಥೆಗಳು ಇವು.

ಆ ನಂಬಿಕೆಯ ಪುಣ್ಯವು ದೊಡ್ಡದು; ಆದರೆ ನಂಬಿಕೆಗೆ ಕಾನೂನಿನ ಆಸರೆ ಎಲ್ಲಿಯವರೆಗೆ ಇದೆಯೆಂಬುದನ್ನು ಠೇವಣಿದಾರನು ಅರಿತಿರಬೇಕು. ಬ್ಯಾಂಕೊಂದು ಮುಳುಗಿದರೆ ಠೇವಣಿ ವಿಮಾ ನಿಗಮದಿಂದ ಪ್ರತಿಯೊಬ್ಬ ಠೇವಣಿದಾರನಿಗೆ, ಒಂದು ಬ್ಯಾಂಕಿನಲ್ಲಿರುವ ಅವನ ಅಸಲು ಬಡ್ಡಿಗಳೆಲ್ಲ ಸೇರಿ, 5 ಲಕ್ಷ ರೂಪಾಯಿಗಳವರೆಗೆ ರಕ್ಷಣೆಯುಂಟು. 2020ರ ಫೆಬ್ರವರಿಯವರೆಗೆ ಈ ಮಿತಿ ಕೇವಲ ಒಂದು ಲಕ್ಷವಾಗಿತ್ತು. ವಾಣಿಜ್ಯ ಬ್ಯಾಂಕುಗಳಂತೆ ಸಹಕಾರಿ ಬ್ಯಾಂಕುಗಳಿಗೂ ಈ ವಿಮೆ ಅನ್ವಯಿಸುತ್ತದೆ. ಆದರೆ ನಮ್ಮ ಬಡಾವಣೆಗಳಲ್ಲಿ ಬ್ಯಾಂಕಿನಂತೆಯೇ ಕೌಂಟರು, ಪಾಸ್‌ಬುಕ್ಕುಗಳನ್ನಿಟ್ಟುಕೊಂಡು ವ್ಯವಹರಿಸುವ ಪತ್ತಿನ ಸಹಕಾರ ಸಂಘಗಳಿಗೆ ಈ ವಿಮೆಯ ರಕ್ಷಣೆಯಿಲ್ಲ. ಅಂಥ ಸಂಘಗಳಲ್ಲಿ ನ್ಯಾಯವಾಗಿ ನಡೆಯುತ್ತಿರುವವು ಬೇಕಾದಷ್ಟಿವೆ. ಆದರೂ ಪಿಂಚಣಿಯ ಪೂರ್ಣ ಮೊತ್ತವನ್ನು ಒಂದೂವರೆ ಶೇಕಡಾ ಹೆಚ್ಚಿನ ಬಡ್ಡಿಗಾಗಿ ಒಂದೇ ಸಂಘದಲ್ಲಿ ಇಟ್ಟುಬಿಡುವುದು ವೃದ್ಧಾಪ್ಯವನ್ನು ಅಡವಿಟ್ಟಂತೆಯೇ ಸರಿ. ಸಂಘದ ಸದಸ್ಯನಾದವನು ವಾರ್ಷಿಕ ಮಹಾಸಭೆಗೆ ಹೋಗಿ, ಲೆಕ್ಕಪರಿಶೋಧನೆಯ ವರದಿಯನ್ನು ಕೇಳಿ, ವಸೂಲಾಗದ ಸಾಲವೆಷ್ಟೆಂದು ಎದ್ದುನಿಂತು ವಿಚಾರಿಸುವ ಅಭ್ಯಾಸವನ್ನು ಬೆಳೆಸಿಕೊಳ್ಳಬೇಕು. ಇನ್ನು ಹಣವನ್ನು ಎರಡು ವರ್ಷಕ್ಕೆ ಇಮ್ಮಡಿ ಮಾಡಿಕೊಡುತ್ತೇವೆನ್ನುವವರ ಮಾತನ್ನು ಒಂದೇ ಭಾಗಾಕಾರದಿಂದ ಪರೀಕ್ಷಿಸಬಹುದು: 72ನ್ನು ಬಡ್ಡಿಯ ದರದಿಂದ ಭಾಗಿಸಿದರೆ ಹಣ ಇಮ್ಮಡಿಯಾಗಲು ಬೇಕಾಗುವ ವರ್ಷಗಳು ಹೆಚ್ಚುಕಡಮೆ ದೊರೆಯುತ್ತವೆ. ಶೇಕಡಾ 6ರಲ್ಲಿ ಹನ್ನೆರಡು ವರ್ಷ; ಶೇಕಡಾ 8ರಲ್ಲಿ ಒಂಬತ್ತು ವರ್ಷ. ಎರಡೇ ವರ್ಷ ಎನ್ನುವವನು ಶೇಕಡಾ 36ರ ಆಸುಪಾಸಿನ ಲಾಭವನ್ನು ಎಲ್ಲಿಂದ ತರುತ್ತಾನೆಂಬುದನ್ನು ಅವನೇ ವಿವರಿಸಬೇಕು.

ಆಪತ್ತಿನ ದಿನ

ಬಾಳಿನ ನಿಜವಾದ ಪರೀಕ್ಷೆಯು ಖರ್ಚಿನಿಂದಲೂ ಬಡ್ಡಿಯಿಂದಲೂ ಬರುವುದಕ್ಕಿಂತ ಹೆಚ್ಚಾಗಿ ಕಾಯಿಲೆಯಿಂದ, ಕೆಲಸ ಹೋಗುವುದರಿಂದ, ಮರಣದಿಂದ ಬರುತ್ತದೆ. ಆ ದಿನಗಳಲ್ಲಿ ವಿಳಂಬಕ್ಕೆ ಅವಕಾಶವೇ ಇರುವುದಿಲ್ಲ; ಆದ್ದರಿಂದ ಆ ದಿನಗಳಿಗಾಗಿ ಮಾಡಬೇಕಾದ ಆಲೋಚನೆಯನ್ನು ಮೊದಲೇ ಮಾಡಿರಬೇಕಾಗುತ್ತದೆ. ನಾಲ್ಕಾರು ತಿಂಗಳ ಮನೆಖರ್ಚಿಗೆ ಆಗುವಷ್ಟು ಹಣವನ್ನು, ಯಾವ ಲಾಭದ ಆಸೆಯೂ ಇಲ್ಲದೆ, ಬೇಕೆಂದಾಗ ದೊರೆಯುವಂತೆ ಬೇರೆಯಾಗಿ ಇಟ್ಟಿರುವ ಮನೆಯಲ್ಲಿ ಆಸ್ಪತ್ರೆಯ ರಾತ್ರಿಯೂ ಸಾಲದ ರಾತ್ರಿಯಾಗುವುದಿಲ್ಲ.

ಇಲ್ಲಿ ಒಂದು ಸಣ್ಣ ಸಂಗತಿಯನ್ನು ಬಿಡಿಸಿ ಹೇಳಬೇಕೆನಿಸುತ್ತದೆ. 2015ರಲ್ಲಿ ಆರಂಭವಾದ ಎರಡು ವಿಮಾ ಯೋಜನೆಗಳ ಕಂತು ಪ್ರತಿವರ್ಷವೂ ಮೇ ಕೊನೆ ಅಥವಾ ಜೂನ್ ಮೊದಲಿನ ಹೊತ್ತಿಗೆ ಖಾತೆಯಿಂದ ತಾನಾಗಿಯೇ ಕಡಿತವಾಗುತ್ತದೆ: ಪ್ರಧಾನಮಂತ್ರಿ ಜೀವನಜ್ಯೋತಿ ವಿಮೆಗೆ 436 ರೂಪಾಯಿ, ಸುರಕ್ಷಾ ವಿಮೆಗೆ 20 ರೂಪಾಯಿ. ಮೊದಲನೆಯದರಲ್ಲಿ ಯಾವುದೇ ಕಾರಣದ ಮರಣಕ್ಕೆ, ಎರಡನೆಯದರಲ್ಲಿ ಅಪಘಾತದ ಮರಣಕ್ಕೆ, ತಲಾ 2 ಲಕ್ಷ ರೂಪಾಯಿಗಳು ನಾಮನಿರ್ದೇಶಿತರಿಗೆ ಸಲ್ಲುತ್ತವೆ. ಖಾತೆ ತೆರೆಯುವಾಗ ಬ್ಯಾಂಕಿನವರು ತೋರಿಸಿದಲ್ಲಿ ಸಹಿ ಹಾಕಿ ಬಂದ ಎಷ್ಟೋ ಮಂದಿಗೆ ತಾವು ಈ ವಿಮೆಗೆ ಸೇರಿದ್ದೇವೆಂಬುದೇ ನೆನಪಿರುವುದಿಲ್ಲ. ಅವರು ತೀರಿಕೊಂಡ ಮೇಲೆ ಮನೆಯವರಿಗೂ ತಿಳಿಯುವುದಿಲ್ಲ. ಮನೆಯ ಹಿರಿಯರ ಪಾಸ್‌ಬುಕ್ಕನ್ನು ತೆಗೆದು ಆ ದಿನಗಳ ಸಾಲಿನಲ್ಲಿ 436 ಮತ್ತು 20 ಎಂಬ ಅಂಕಿಗಳನ್ನು ಹುಡುಕಿದರೆ ಸಾಕು, ವಿಷಯವು ಸ್ಪಷ್ಟವಾಗುತ್ತದೆ.

ಹಣವು ಫೋನಿನೊಳಗೆ ಸೇರಿದ ಮೇಲೆ ಮರಣದ ತರುವಾಯದ ತೊಂದರೆಯೂ ಹೊಸ ರೂಪವನ್ನು ತಾಳಿದೆ. ಹಿಂದೆ ಯಜಮಾನನು ತೀರಿಕೊಂಡರೆ ಕಬ್ಬಿಣದ ಪೆಟ್ಟಿಗೆಯಲ್ಲಿ ಪತ್ರಗಳು ಸಿಕ್ಕುತ್ತಿದ್ದವು. ಈಗ ಬೀಗ ಹಾಕಿದ ಫೋನೊಂದು ಉಳಿಯುತ್ತದೆ, ಅದರ ಗುಟ್ಟು ಯಾರಿಗೂ ತಿಳಿದಿರುವುದಿಲ್ಲ, ಯಾವ ಬ್ಯಾಂಕಿನಲ್ಲಿ ಏನಿದೆಯೆಂಬುದಕ್ಕೆ ಕಾಗದದ ಸಾಕ್ಷಿಯೂ ಇರುವುದಿಲ್ಲ. ಹತ್ತು ವರ್ಷ ಯಾರೂ ಕೇಳದೆ ಉಳಿದ ಠೇವಣಿಗಳು ರಿಸರ್ವ್ ಬ್ಯಾಂಕಿನ ನಿಧಿಯೊಂದಕ್ಕೆ ವರ್ಗವಾಗುತ್ತವೆ. ಆ ಮೇಲೂ ವಾರಸುದಾರರು ಅವನ್ನು ಪಡೆಯಬಹುದೆಂಬುದೂ, ಅವುಗಳನ್ನು ಹುಡುಕಲು 2023ರಿಂದ ‘ಉದ್ಗಮ್’ ಎಂಬ ಜಾಲತಾಣವಿದೆಯೆಂಬುದೂ ಸಮಾಧಾನದ ಸಂಗತಿ. ಆದರೂ ಹುಡುಕುವ ಪ್ರಸಂಗವೇ ಬಾರದಂತೆ, ಖಾತೆಗಳು, ವಿಮೆಗಳು, ಕೊಟ್ಟ ಕೈಗಡಗಳು, ತಂದ ಸಾಲಗಳು, ಇವಿಷ್ಟನ್ನು ಒಂದು ನೋಟುಪುಸ್ತಕದಲ್ಲಿ ಕನ್ನಡದಲ್ಲಿ ಬರೆದಿಡುವುದು ಗೃಹಸ್ಥನು ತನ್ನವರಿಗೆ ಮಾಡಬಹುದಾದ ಉಪಕಾರಗಳಲ್ಲಿ ಮುಖ್ಯವಾದುದು.

ಬಾಯಿಬಿಟ್ಟು ಮಾತಾಡುವ ಮನೆ

ಹಣದ ಮಾತನ್ನು ಮನೆಯಲ್ಲಿ ಆಡಬಾರದೆಂಬ ಸಂಕೋಚವು ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಗಂಡಸು ಸಾಲವನ್ನು ಹೆಂಡತಿಯಿಂದ ಮರೆಮಾಡುತ್ತಾನೆ. ಹೆಂಡತಿಯು ಚೀಟಿಯ ಹಣವನ್ನು ಗಂಡನಿಂದ ಮರೆಮಾಡುತ್ತಾಳೆ. ಮಗನು ಆನ್‌ಲೈನ್ ಆಟದಲ್ಲಿ ಕಳೆದದ್ದನ್ನು ಇಬ್ಬರಿಂದಲೂ ಮರೆಮಾಡುತ್ತಾನೆ. ಈ ಮೌನವನ್ನು ಮುರಿಯುವ ದಾರಿಯನ್ನು ನಮ್ಮ ಬಡ ಹೆಂಗಸರೇ ತೋರಿಸಿಕೊಟ್ಟಿದ್ದಾರೆ. ಕರ್ನಾಟಕದಲ್ಲಿ 1980ರ ದಶಕದಲ್ಲಿ ಮೈರಾಡದಂಥ ಸಂಸ್ಥೆಗಳ ಆಸರೆಯಲ್ಲಿ ಚಿಗುರಿ, 1992ರಲ್ಲಿ ನಬಾರ್ಡ್ ಕೈಗೊಂಡ ಪ್ರಯೋಗದಿಂದ ಬ್ಯಾಂಕುಗಳೊಡನೆ ನಂಟು ಪಡೆದು, ಮುಂದೆ ರಾಜ್ಯದ ಸ್ತ್ರೀಶಕ್ತಿ ಯೋಜನೆಯ ಮೂಲಕ ಹಳ್ಳಿಹಳ್ಳಿಗೂ ಹಬ್ಬಿದ ಸ್ವಸಹಾಯ ಸಂಘಗಳ ವಾರದ ಸಭೆಯಲ್ಲಿ ಸಾಲ ಕೇಳುವವಳು ಹತ್ತು ಹದಿನೈದು ಹೆಂಗಸರ ಎದುರಿಗೆ ಕಾರಣವನ್ನು ಹೇಳುತ್ತಾಳೆ. ‘ಹಸು ತರಲಿಕ್ಕೋ, ಹಬ್ಬಕ್ಕೋ?’ ಎಂದು ಒಬ್ಬಳು ಕೇಳುತ್ತಾಳೆ. ಕೊಡುವುದೋ ಬೇಡವೋ ಎಂಬುದು ಬಹಿರಂಗವಾಗಿ ತೀರ್ಮಾನವಾಗುತ್ತದೆ. ಹಣದ ವಿಚಾರದಲ್ಲಿ ಮನುಷ್ಯನನ್ನು ಕಾಯುವ ಎರಡು ಶಕ್ತಿಗಳು, ಎಂದರೆ ಕಾಲಾವಕಾಶ ಮತ್ತು ಇನ್ನೊಬ್ಬರ ಮಾತು, ಆ ಜಮಖಾನದ ಮೇಲೆ ಒಟ್ಟಿಗೆ ಕೂಡಿಬರುತ್ತವೆ. ಸಾಲವಸೂಲಿಯ ಕಿರುಕುಳವನ್ನು ತಡೆಯಲು 2025ರ ಆರಂಭದಲ್ಲಿ ರಾಜ್ಯ ಸರ್ಕಾರವು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಗಿ ಬಂದದ್ದನ್ನು ನೆನೆದರೆ, ಸಂಘದ ಹೆಸರಿನಲ್ಲಿ ನಡೆದ ಅವಸರದ ಸಾಲಹಂಚಿಕೆಯು ಈ ಮೂಲ ಧರ್ಮದಿಂದ ಎಷ್ಟು ದೂರ ಸರಿದಿತ್ತೆಂಬುದೂ ಅರಿವಾಗುತ್ತದೆ.

ಯಂತ್ರಗಳನ್ನು ರೂಪಿಸುವವರಿಗೂ ಇಲ್ಲಿ ಹೊಣೆಯಿದೆ. ತಾನಾಗಿಯೇ ಕಡಿತವಾಗುವ ಕಂತುಗಳ ವಿಷಯದಲ್ಲಿ 24 ಗಂಟೆ ಮೊದಲು ಸೂಚನೆ ಕೊಡಬೇಕು, ಸಾಮಾನ್ಯವಾಗಿ 15,000 ರೂಪಾಯಿಗಳನ್ನು ಮೀರಿದರೆ ಮತ್ತೊಮ್ಮೆ ಒಪ್ಪಿಗೆ ಪಡೆಯಬೇಕು ಎಂಬ ನಿಯಮಗಳು ಬಂದಿರುವುದು ಸ್ತುತ್ಯರ್ಹ. ಅಪರಿಚಿತ ಖಾತೆಗೆ ಹೋಗುವ ದೊಡ್ಡ ಮೊತ್ತವನ್ನು ಕೆಲವು ಗಂಟೆ ತಡೆದಿಡುವ, ವೃದ್ಧರ ಖಾತೆಗಳಲ್ಲಿ ಅವರು ಸೂಚಿಸಿದ ಆಪ್ತರೊಬ್ಬರಿಗೂ ಸುದ್ದಿ ತಲುಪಿಸುವ ಅನುಕೂಲಗಳನ್ನು, ಬೇಕೆಂದು ಕೇಳಿದವರಿಗಾದರೂ, ಎಲ್ಲ ಬ್ಯಾಂಕುಗಳೂ ಒದಗಿಸಿಕೊಡಬೇಕು. ವೇಗವನ್ನು ಕಲ್ಪಿಸಬಲ್ಲ ತಂತ್ರಜ್ಞಾನಕ್ಕೆ ತಡೆಯನ್ನು ಕಲ್ಪಿಸುವುದು ಅಸಾಧ್ಯವಾಗಲಾರದು.

ಆದರೆ ನಿಯಮವು ಬರುವವರೆಗೆ ಕಾಯಬೇಕಾದ ಅಗತ್ಯವಿಲ್ಲ. ಐದು ಸಾವಿರಕ್ಕೆ ಮೇಲ್ಪಟ್ಟ ಯಾವ ಖರ್ಚನ್ನೂ ಒಂದು ರಾತ್ರಿ ಕಳೆಯದೆ ಮಾಡುವುದಿಲ್ಲವೆಂದು, ಹೊಸ ಸಾಲದ ಯಾವ ಕಾಗದಕ್ಕೂ ಇನ್ನೊಬ್ಬರಿಗೆ ತೋರಿಸದೆ ಸಹಿ ಹಾಕುವುದಿಲ್ಲವೆಂದು ಪ್ರತಿಯೊಂದು ಕುಟುಂಬವೂ ತನ್ನ ಶಕ್ತಿಗೆ ತಕ್ಕ ಕಟ್ಟಳೆಯೊಂದನ್ನು ಇಂದೇ ಮಾಡಿಕೊಳ್ಳಬಹುದು. ಈ ಭಾನುವಾರ ಊಟವಾದ ಮೇಲೆ ಮನೆಯವರೆಲ್ಲರೂ ಒಂದು ಗಂಟೆ ಒಟ್ಟಿಗೆ ಕುಳಿತು, ಫೋನಿನಲ್ಲಿ ತಾನಾಗಿಯೇ ಕಡಿತವಾಗುತ್ತಿರುವ ಕಂತುಗಳ ಪಟ್ಟಿಯನ್ನು ತೆರೆದು ಬೇಡವಾದವನ್ನು ನಿಲ್ಲಿಸಿ, ಇರುವ ಸಾಲಗಳನ್ನು ಬಡ್ಡಿಯ ದರಕ್ಕನುಸಾರವಾಗಿ ಒಂದರ ಕೆಳಗೊಂದರಂತೆ ಬರೆದು ಎಲ್ಲಕ್ಕಿಂತ ಹೆಚ್ಚಿನ ದರದ್ದನ್ನು ಮೊದಲು ತೀರಿಸುವ ನಿಶ್ಚಯ ಮಾಡಿ, ಪ್ರತಿಯೊಂದು ಖಾತೆಗೂ ನಾಮನಿರ್ದೇಶನ ಆಗಿದೆಯೇ ಎಂದು ನೋಡಿ, 1930 ಎಂಬ ಸಂಖ್ಯೆಯನ್ನು ಅಜ್ಜಿಯ ಫೋನಿನಲ್ಲಿಯೂ ಉಳಿಸಿಕೊಟ್ಟರೆ, ಅಷ್ಟೇ ಕೆಲಸದಿಂದ ಆ ಮನೆಯ ಮುಂದಿನ ಹತ್ತು ವರ್ಷಗಳ ಅನೇಕ ಸಂಕಟಗಳಿಗೆ ತಡೆ ಬೀಳುತ್ತದೆ. ಮಕ್ಕಳನ್ನೂ ಆ ಮಾತುಕತೆಯಲ್ಲಿ ಕೂರಿಸಿಕೊಳ್ಳಬೇಕು. ಹಣವನ್ನು ಕುರಿತು ನಾಚಿಕೆಯಿಲ್ಲದೆ, ಅವಸರವಿಲ್ಲದೆ ಮಾತಾಡುವ ಹಿರಿಯರನ್ನು ಕಂಡು ಬೆಳೆದವರಿಗೆ ಆ ವಿದ್ಯೆಯನ್ನು ಮುಂದೆ ಯಾರೂ ಬೇರೆಯಾಗಿ ಕಲಿಸಬೇಕಾಗುವುದಿಲ್ಲ.